ಅಣಬೆ ಸಾರಿಗೆ ಒಂದು ಚಮಚ ತುಪ್ಪ

ನಮ್ಮ ಮನೆಯಲ್ಲಿ ತುಪ್ಪ ಹಾಕಿಕೊಳ್ಳದೆ ತಿನ್ನುವ ಪದಾರ್ಥಗಳು ಎರಡೇ. ಒಂದು ಬಿ.ಪಿ. ಮಾತ್ರೆ, ಇನ್ನೊಂದು ನನ್ನ ಹೆಂಡತಿಯ ಬೈಗುಳ. ಮಿಕ್ಕಿದ್ದೆಲ್ಲ, ಅನ್ನ, ಸಾರು, ಹುಳಿ, ಉಪ್ಪಿಟ್ಟು, ರೊಟ್ಟಿ, ದೋಸೆ, ಕೊನೆಗೆ ಜ್ವರ ಬಂದಾಗ ತರುವ ಬ್ರೆಡ್ಡು ಕೂಡ ತುಪ್ಪದ ಮಿಳ್ಳೆಯ ಮುಂದೆ ಹಾಜರಿ ಹಾಕಿಯೇ ತಟ್ಟೆಗೆ ಬರಬೇಕು. ನಮ್ಮ ಮಿಳ್ಳೆ ಹಿತ್ತಾಳೆಯದು, ಅಮ್ಮನ ತವರಿನಿಂದ ಬಂದದ್ದು, ಪುಟ್ಟ ಚಮಚದ ಸಮೇತ ಸದಾ ಒಲೆಯ ಪಕ್ಕದಲ್ಲೇ ಇರುತ್ತದೆ. ಅನ್ನದ ಮೇಲೆ ಒಂದು ತೊಟ್ಟು ತುಪ್ಪ ಬೀಳುವುದಕ್ಕೆ ಅನ್ನಶುದ್ಧಿ ಎನ್ನುತ್ತಾರೆ. ಅದು ಬೀಳುವವರೆಗೆ ಅಮ್ಮನ ಲೆಕ್ಕದಲ್ಲಿ ಅದು ಅನ್ನವೇ ಅಲ್ಲ, ಬರೀ ಬೆಂದ ಅಕ್ಕಿ. ಹೋದ ವರ್ಷ ಡಾಕ್ಟರು ನನಗೆ ತುಪ್ಪ ಕಡಿಮೆ ಮಾಡಿ ಎಂದರು. ನಾನು ಡಾಕ್ಟರ ಹತ್ತಿರ ಹೋಗುವುದನ್ನು ಕಡಿಮೆ ಮಾಡಿದೆ. ಇಂಥ ಮನೆಗೆ ಹಾಲು, ಮೊಸರು, ಬೆಣ್ಣೆ, ತುಪ್ಪ ಯಾವುದನ್ನೂ ಮುಟ್ಟದ ಸೊಸೆ ಬಂದಳು ಎಂದರೆ ನನ್ನ ಸ್ಥಿತಿಯನ್ನು ನೀವೇ ಊಹಿಸಿಕೊಳ್ಳಿ.

ಮಗ ಅನಿರುದ್ಧ ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಸೊಸೆ ನಿವೇದಿತಾ ಪಶುವೈದ್ಯೆ. ದೊಡ್ಡಬಳ್ಳಾಪುರದ ಹುಡುಗಿ. ಮದುವೆಯ ಮಾತು ಬಂದಾಗ ನಮ್ಮ ಮನೆಯಲ್ಲಿ ಎಲ್ಲರ ಗಂಟಲಲ್ಲೂ ಒಂದೇ ಪ್ರಶ್ನೆ ಸಿಕ್ಕಿಕೊಂಡಿತ್ತು. ಅವರ ಮನೆಯಲ್ಲಿ ಭಾನುವಾರ ಎಂದರೆ ಬಾಡೂಟ. ಅಮ್ಮನಿಗೆ ಇದನ್ನು ಹೇಗೆ ಹೇಳುವುದು? ಅಷ್ಟರಲ್ಲಿ ಮಗನೇ ಹೇಳಿದ: "ಯೋಚ್ನೆ ಮಾಡ್ಬೇಡಿ, ಅವಳು ಕಾಲೇಜಲ್ಲಿರುವಾಗ್ಲೇ ಎಲ್ಲ ಬಿಟ್ಟಿದ್ದಾಳೆ. ನಮಗಿಂತ ಜಾಸ್ತಿ ವೆಜಿಟೇರಿಯನ್." ನಾವೆಲ್ಲ ಉಸಿರು ಬಿಟ್ಟೆವು. ಆ 'ಜಾಸ್ತಿ' ಎನ್ನುವ ಮಾತಿನ ಕಡೆ ಯಾರೂ ಗಮನ ಕೊಡಲಿಲ್ಲ. ಅದು ಅರ್ಥವಾದದ್ದು ಮದುವೆಯ ಮಾರನೆಯ ದಿನ, ಹೊಸ ಸೊಸೆಯ ಮುಂದೆ ಅಮ್ಮ ಪಾಯಸದ ಬಟ್ಟಲಿಟ್ಟಾಗ. ಹಸುವಿಗೆ ಎಷ್ಟು ನೋವಾಗುತ್ತದೆ ಎಂದು ಹತ್ತಿರದಿಂದ ನೋಡಿದ್ದೇನೆ ಅಜ್ಜಿ, ಮನಸ್ಸು ಬರುವುದಿಲ್ಲ ಎಂದು ಅವಳು ಮೆಲ್ಲಗೆ ಹೇಳಿದಳು. ಅಮ್ಮ, "ಎಷ್ಟು ದಿನದ ವ್ರತ ಮಗು?" ಎಂದು ಕೇಳಿದರು. ಜೀವನಪೂರ್ತಿ ಎಂದಳು. ಅಮ್ಮ ಬಟ್ಟಲನ್ನು ನನ್ನ ಕಡೆ ಸರಿಸಿದರು. ನನಗೇನೂ ಬೇಜಾರಾಗಲಿಲ್ಲ.

ನನ್ನ ಹೆಂಡತಿ ಸುಧಾ ಇರುವವರೆಗೆ ಹೇಗೋ ನಡೆಯಿತು. ಅವಳು ಸೊಸೆಗೆಂದು ಎಣ್ಣೆಯ ಒಗ್ಗರಣೆಯ ಸಾರು, ಕಾಯಿಹಾಲಿನ ಪಾಯಸ ಎಂದು ಏನಾದರೂ ಒಂದು ಹೊಂದಿಸುತ್ತಿದ್ದಳು. ಆಮೇಲೆ ಅವಳು ತಂಗಿಯ ಮಗಳ ಬಾಣಂತನಕ್ಕೆಂದು ಮೈಸೂರಿಗೆ ಹೊರಟಳು. ಅಡುಗೆಮನೆ ನನ್ನ ಕೈಗೆ ಬಂತು, ಎಂದರೆ ಮಿಳ್ಳೆಯ ಕೈಗೆ ಬಂತು. ಹಾಗೆಂದು ನಾನು ಸೊಸೆಗೆ ತುಪ್ಪ ಬಡಿಸಿದೆ ಎಂದಲ್ಲ. ಒಲೆಯ ಮುಂದೆ ನಿಂತ ತಕ್ಷಣ ನನ್ನ ಕೈ ತಾನಾಗಿಯೇ ಮಿಳ್ಳೆಗೆ ಹೋಗುತ್ತದೆ. ಪಲ್ಯ ಮುಗಿಯುವಷ್ಟರಲ್ಲಿ ನೆನಪಾಗುತ್ತದೆ. ಆಗ, "ನಿವಿ, ಇದರಲ್ಲಿ ಒಂದು ಚೂರು ತುಪ್ಪ ಬಿದ್ದುಹೋಯ್ತು ಕಣಮ್ಮ" ಎನ್ನುತ್ತೇನೆ. "ಪರ್ವಾಗಿಲ್ಲ ಮಾವ" ಎಂದು ಅವಳು ಉಪ್ಪಿನಕಾಯಿ ಜಾಡಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾಳೆ. ಹೀಗೆ ಅವಳು ಎಷ್ಟು ಉಪ್ಪಿನಕಾಯಿ ತಿಂದಳು ಎಂದರೆ ನೆಲ್ಲಿಕಾಯಿ ಜಾಡಿಯ ತಳ ಕಾಣತೊಡಗಿತು. ಒಂದು ಸಂಜೆ ಅವಳು ವರಾಂಡದಲ್ಲಿ ಕೂತು ತಾಯಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದುದು ಕಿವಿಗೆ ಬಿತ್ತು. "ಆಯ್ತಮ್ಮ ಊಟ. ಹೂಂ, ಚೆನ್ನಾಗಿತ್ತು. ಎಲ್ಲಾ ಮಾಡಿದ್ರು." ಅವತ್ತು ಅವಳು ತಿಂದದ್ದು ಬರೀ ಅನ್ನ, ಉಪ್ಪಿನಕಾಯಿ. ನನಗೆ ಆ ರಾತ್ರಿ ಊಟ ಸೇರಲಿಲ್ಲ. ನಮ್ಮ ಮನೆಗೆ ಬಂದ ಹುಡುಗಿ ಅರೆಹೊಟ್ಟೆಯಲ್ಲಿದ್ದುಕೊಂಡು ನಮ್ಮ ಮರ್ಯಾದೆ ಕಾಯುತ್ತಿದ್ದಾಳಲ್ಲ ಎಂದು ನಿಜವಾಗಿ ಸಂಕಟವಾಯಿತು.

ಆ ಶನಿವಾರ ಅವಳ ಹುಟ್ಟುಹಬ್ಬ. ನಮ್ಮ ಮನೆಗೆ ಬಂದ ಮೇಲೆ ಮೊದಲನೆಯದು. ಅವಳ ಹೊಟ್ಟೆ ತುಂಬುವಂಥದ್ದನ್ನು, ಅವಳಿಗೆ ಇಷ್ಟವಾದದ್ದನ್ನು ನನ್ನ ಕೈಯಾರೆ ಮಾಡಿ ಬಡಿಸಬೇಕು ಎಂದು ತೀರ್ಮಾನಿಸಿದೆ. ಇಷ್ಟವಾದದ್ದು ಯಾವುದು ಎಂದು ಮಗನನ್ನು ಕೇಳಿದರೆ ಅವನು ನಕ್ಕ. "ಅವರಮ್ಮ ಮಾಡೋ ಅಣಬೆ ಸಾರು. ಹೇಳಿದ್ದೀನಿ, ಆಮೇಲೆ ನಿಮ್ಮಿಷ್ಟ" ಎಂದು ಡ್ಯೂಟಿಗೆ ಹೋಗಿಬಿಟ್ಟ. ನಗುವಿಗೆ ಕಾರಣವಿತ್ತು. ನಮ್ಮ ಮನೆಯ ಇತಿಹಾಸದಲ್ಲಿ ಅಣಬೆ ಹೊಸ್ತಿಲು ದಾಟಿದ್ದೇ ಇಲ್ಲ. ಅಮ್ಮನ ಮಟ್ಟಿಗೆ ಅದು ತರಕಾರಿಯಲ್ಲ, ನಾಯಿಕೊಡೆ. ಅದನ್ನು ತಿನ್ನುವುದೂ ಒಂದೇ, ಮಾಂಸ ತಿನ್ನುವುದೂ ಒಂದೇ. ಸೊಸೆಯ ಮಟ್ಟಿಗೆ ಅಣಬೆ ಪರಮ ಪವಿತ್ರ, ತುಪ್ಪವೇ ಮಾಂಸಕ್ಕೆ ಸಮ. ಒಂದೇ ಸೂರಿನ ಕೆಳಗೆ ಇಬ್ಬರು ಶುದ್ಧ ಸಸ್ಯಾಹಾರಿಗಳು, ಒಬ್ಬರ ಸಸ್ಯ ಇನ್ನೊಬ್ಬರಿಗೆ ವರ್ಜ್ಯ. ಇವರಿಬ್ಬರ ನಡುವೆ ಎರಡನ್ನೂ ತಿನ್ನಲು ತಯಾರಿದ್ದ ನಾನು.

ಯಶವಂತಪುರದ ನಮ್ಮ ಆಫೀಸಿನಲ್ಲಿ ಪಕ್ಕದ ಮೇಜಿನ ಷಫಿ ಆರ್.ಟಿ. ನಗರದವರು. ಊಟದ ವಿಷಯದಲ್ಲಿ ಅವರ ಅಭಿಪ್ರಾಯವನ್ನು ಕೇಳದೆಯೇ ಪಡೆಯಬಹುದು. ಅಣಬೆ ಎಂದದ್ದೇ ತಡ, ಮುಖ ಕಿವುಚಿದರು. "ಏನ್ ಸಾರ್, ಮಟನ್‌ಗೆ ಗತಿ ಇಲ್ದೋರು ತಿನ್ನೋದು ಅದು. ಸರಿ, ಸೊಸೆಗೆ ಅಂತೀರಾ, ಮಾಡಿ. ಆದ್ರೆ ತೊಳೀಬೇಡಿ. ನೀರು ಕುಡಿದ್ಬಿಡತ್ತೆ. ಬಟ್ಟೇಲಿ ಒರೆಸಿ." ಹಿಂದಿನ ಮೇಜಿನ ಮೇಡಂ, ತೊಳೆಯದೆ ತಿಂದರೆ ಹೊಟ್ಟೆ ಕೆಡುತ್ತದೆ, ಮೈದಾ ಹಿಟ್ಟು ಹಾಕಿ ತೊಳೆಯಿರಿ ಎಂದರು. ತೊಳೆಯಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ಮಧ್ಯಾಹ್ನದ ಕೆಲಸ ಅರ್ಧ ನಿಂತಿತು. ಕೊನೆಗೆ ನಾನು ಮೂಲಕ್ಕೇ ಹೋಗುವುದು ಒಳ್ಳೆಯದೆಂದು ನಿವಿಯ ತಾಯಿ ಜಯಮ್ಮನವರಿಗೆ ಫೋನ್ ಮಾಡಿದೆ.

"ಅಯ್ಯೋ ಬೀಗ್ರೆ, ನೀವ್ ಮಾಡ್ತೀರಾ?" ಎಂದು ಅವರು ಮೊದಲು ಚೆನ್ನಾಗಿ ನಕ್ಕರು. ಆಮೇಲೆ ಹೇಳತೊಡಗಿದರು. "ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಎಲ್ಲ ಎಣ್ಣೇಲಿ ಕೆಂಪ್ಗೆ ಉರ್ಕಳಿ. ಧನಿಯ, ಚಕ್ಕೆ, ಲವಂಗ, ಒಂಚೂರು ಗಸಗಸೆ. ಬ್ಯಾಡಗಿ ಮೆಣ್ಸಿನ್ಕಾಯಿ ಆಕಿ, ಕಾಯಿ ಆಕಿ, ನುಣ್ಣುಗ್ ರುಬ್ಬಿ. ಮಟನ್ ಸಾರ್ಗೆ ಎಂಗ್ ಮಾಡ್ತೀವೋ ಅಂಗೇ." ಮಟನ್ ಸಾರಿಗೆ ಹೇಗೆ ಮಾಡುತ್ತಾರೆಂದು ನನಗೆ ಹೇಗೆ ಗೊತ್ತಿರಬೇಕು? ಎಷ್ಟು ಮೆಣಸಿನಕಾಯಿ ಎಂದು ಕೇಳಿದರೆ, "ಖಾರ ನೋಡ್ಕೊಂಡು" ಎಂದರು. ಎಷ್ಟು ಹೊತ್ತು ಕುದಿಸಬೇಕು ಎಂದರೆ, "ಘಮ ಬರಗಂಟ" ಎಂದರು. ಉಪ್ಪು? "ಅಂದಾಜು." ನಮ್ಮ ಆಫೀಸಿನ ಸುತ್ತೋಲೆಗಳು ಇದಕ್ಕಿಂತ ಸ್ಪಷ್ಟವಾಗಿರುತ್ತವೆ ಎಂದು ಮೊದಲ ಬಾರಿಗೆ ಅನ್ನಿಸಿತು. ಇಡುವ ಮುಂಚೆ ಅವರ ದನಿ ಸ್ವಲ್ಪ ತಗ್ಗಿತು. "ಚೆನ್ನಾಗ್ ಉಣ್ತಾಳಾ ಬೀಗ್ರೆ ಅವ್ಳು? ಪೋನಲ್ಲಿ ಏನ್ ಕೇಳುದ್ರೂ ಚೆನ್ನಾಗಿತ್ತು ಅಂತಾಳೆ." ನಾನು ಹೂಂ ಹೂಂ ಎಂದು ಏನೋ ಗೊಣಗಿ ಇಟ್ಟೆ.

ಶನಿವಾರ ಸಂಜೆ ಯಲಹಂಕ ನ್ಯೂಟೌನಿನ ತರಕಾರಿ ಅಂಗಡಿಯಿಂದ ಎರಡು ಡಬ್ಬಿ ಅಣಬೆ ತಂದು, ಬ್ಯಾಂಕಿನಿಂದ ನೋಟು ತರುವವನಂತೆ ಚೀಲದೊಳಗೆ ಚೀಲವಿಟ್ಟು ಅಟ್ಟೂರಿನ ನಮ್ಮ ಮನೆಗೆ ಬಂದೆ. ಅಮ್ಮ ಬಾಗಿಲಲ್ಲೇ ಕೂತಿದ್ದರು. "ಏನೋ ಅದು?" ಸುಳ್ಳು ಹೇಳುವ ವಯಸ್ಸು ದಾಟಿದೆ ಎಂದು ನಿಜ ಹೇಳಿದೆ. "ನಾಯಿಕೊಡೇನೇ? ನಮ್ಮನೇಗೇ?" ಎಂದರು. ಸೊಸೆಯ ಹುಟ್ಟುಹಬ್ಬ ಎಂದೆ. ಆಮೇಲೆ ಸಂಧಾನವಾಯಿತು. ಅಣಬೆ ಅಡುಗೆಮನೆಗೆ ಬರಕೂಡದು. ಹಿತ್ತಲಿಗೆ ಅಂಟಿಕೊಂಡಂತೆ ಬಟ್ಟೆ ಒಗೆಯುವ ಮೆಷಿನ್ ಇಟ್ಟಿರುವ ಯುಟಿಲಿಟಿಯಲ್ಲಿ ಹಳೆಯ ಒಂಟಿ ಒಲೆ ಇದೆ, ಅಲ್ಲಿ ಏನು ಬೇಕಾದರೂ ಮಾಡಿಕೋ. ಹೀಗೆ ನನ್ನ ಪ್ರಥಮ ಅಣಬೆ ಸಾರು ಸೋಪಿನ ಪುಡಿ ಮತ್ತು ನೆಲ ಒರೆಸುವ ಬಟ್ಟೆಗಳ ಸಮ್ಮುಖದಲ್ಲಿ ಶುರುವಾಯಿತು. ತೊಳೆಯಬೇಕೇ ಬೇಡವೇ ಎಂಬುದಕ್ಕೆ ಅರ್ಧ ತೊಳೆದೆ, ಅರ್ಧ ಒರೆಸಿದೆ. ಎರಡೂ ಬಾಣಲೆಯಲ್ಲಿ ಒಂದೇ ಸಮ ನೀರು ಬಿಟ್ಟವು.

ಅಡುಗೆ ಚೆನ್ನಾಗಿಯೇ ಸಾಗುತ್ತಿತ್ತು. ಈರುಳ್ಳಿ ಕೆಂಪಾಯಿತು, ಕಣ್ಣೂ ಕೆಂಪಾಯಿತು. ಮಸಾಲೆ ರುಬ್ಬಿ ಹಾಕಿದ ಮೇಲೆ ಎದ್ದ ಬಾಡೂಟದಂಥ ಘಮಕ್ಕೆ ಪಕ್ಕದ ಮನೆಯವರು ಕಾಂಪೌಂಡಿನಿಂದ ಇಣುಕಿ, "ಏನ್ ಸಾರ್, ಮನೇಲಿ ಯಾರೂ ಇಲ್ವಾ?" ಎಂದು ಅರ್ಥಗರ್ಭಿತವಾಗಿ ನಕ್ಕರು. ಹೆಮ್ಮೆಯಿಂದ ಸೌಟಿನಿಂದ ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ರುಚಿ ನೋಡಿದೆ. ಕಿವಿಯಿಂದ ಹೊಗೆ ಬಂತು. ಬ್ಯಾಡಗಿ ಯಾವುದು, ಗುಂಟೂರು ಯಾವುದು ಎಂದು ನೋಡದೆ ಕೈಗೆ ಸಿಕ್ಕ ಡಬ್ಬಿಯಿಂದ ಹಾಕಿದ್ದೆ. ಸಿಕ್ಕಿದ್ದು ಗುಂಟೂರು. ಹುಟ್ಟುಹಬ್ಬದ ದಿನ ಹುಡುಗಿ ಇದನ್ನು ತಿಂದರೆ ಕಣ್ಣೀರು ಬರುವುದು ಖಂಡಿತ, ಅದು ಆನಂದದ್ದಂತೂ ಆಗಿರುವುದಿಲ್ಲ. ಈಗ ಏನು ಮಾಡುವುದು? ನಾನು ಒಳಗೆ ಹೋದದ್ದು ನೆನಪಿಲ್ಲ, ಹೊರಗೆ ಬಂದದ್ದು ನೆನಪಿಲ್ಲ. ಖಾರವಾದ ಸಾರಿಗೆ ನಮ್ಮ ವಂಶದಲ್ಲಿ ತಲೆತಲಾಂತರದಿಂದ ಏನು ಮಾಡುತ್ತಾರೋ ಅದನ್ನೇ ಮಾಡಿದೆ. ಒಂದು ದೊಡ್ಡ ಚಮಚ ತುಪ್ಪ ಸುರಿದು, ಚೆನ್ನಾಗಿ ತಿರುವಿ, ಮತ್ತೆ ರುಚಿ ನೋಡಿ, "ಆಹಾ!" ಎಂದೆ. ಅಷ್ಟು ಚೆನ್ನಾಗಿತ್ತು.

"ಈಗ ಏನೋ ಹಾಕ್ದೆ ಅದಕ್ಕೆ?"

ಹಿಂದಿನ ಬಾಗಿಲಲ್ಲಿ ಅಮ್ಮ ನಿಂತಿದ್ದರು. ಎಂಬತ್ತು ದಾಟಿದ ಮೇಲೆ ಅಮ್ಮನಿಗೆ ಪೇಪರಿನ ಅಕ್ಷರ ಕಾಣುವುದಿಲ್ಲ, ಆದರೆ ಅಡುಗೆಮನೆಯಿಂದ ಮಿಳ್ಳೆ ಹೊರಗೆ ಹೋದರೆ ಕಾಣುತ್ತದೆ. ನಾನು ಕೈಯಲ್ಲಿದ್ದ ಮಿಳ್ಳೆ ನೋಡಿದೆ, ಸಾರಿನ ಮೇಲೆ ಚಿನ್ನದ ಬಣ್ಣದಲ್ಲಿ ತೇಲುತ್ತಿದ್ದ ತುಪ್ಪ ನೋಡಿದೆ. ಇಡೀ ಬೆಂಗಳೂರಿನಲ್ಲಿ ಈಗ ಈ ಸಾರು ತಿನ್ನಬಲ್ಲವರು ಯಾರಾದರೂ ಇರಬಹುದು, ನಮ್ಮ ಮನೆಯ ಹೆಂಗಸರಲ್ಲಿ ಮಾತ್ರ ಇಲ್ಲ. ಅಣಬೆ ಇರುವುದರಿಂದ ಅಮ್ಮನಿಗೆ ಆಗದು, ತುಪ್ಪ ಇರುವುದರಿಂದ ಸೊಸೆಗೆ ಆಗದು. ನಿವಿ ಬರಲು ಇನ್ನು ಹೆಚ್ಚು ಹೊತ್ತಿರಲಿಲ್ಲ. ಆಗ ನನ್ನ ಬಾಯಿಂದ ಬರಬಾರದ ಮಾತೊಂದು ಬಂತು.

"ಒಂದು ಚಮಚ ಅಷ್ಟೇ ಅಮ್ಮ. ಮಸಾಲೇಲಿ ಸೇರ್ಕೊಂಡ್ಬಿಟ್ಟಿದೆ. ಅವಳಿಗೆ ಗೊತ್ತಾಗಲ್ಲ ಬಿಡು."

ಅಮ್ಮ ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. ನಾಲ್ಕನೆಯ ಕ್ಲಾಸಿನಲ್ಲಿ ಮಾರ್ಕ್ಸ್ ಕಾರ್ಡಿಗೆ ನಾನೇ ಸಹಿ ಹಾಕಿದಾಗ ನೋಡಿದ್ದ ಹಾಗೆಯೇ ಇತ್ತು.

"ತಿನ್ನೋರಿಗೆ ಗೊತ್ತಾಗಲ್ಲ ಅಂತಾನೇ ಕಣೋ ಬಡಿಸೋರನ್ನ ನಂಬೋದು" ಎಂದರು. "ನಂಗೆ ಕಣ್ಣು ಕಾಣಲ್ಲ. ನೀವು ತಟ್ಟೇಲಿ ಇಟ್ಟಿದ್ದನ್ನ ತಿಂತೀನಿ. ಈರುಳ್ಳಿ ಹಾಕಿಲ್ಲ ಅಂತ ಸುಧಾ ಹೇಳಿದ್ರೆ ಹಾಕಿಲ್ಲ ಅಂತಲೇ ತಿಂತೀನಿ. ನಂಗೂ ಹೀಗೇ ಮಾಡ್ತೀಯಾ?"

ನಾನು ಒಲೆ ಆರಿಸಿದೆ.

"ಚಾತುರ್ಮಾಸ್ಯದಲ್ಲಿ ನಾನು ಒಂದು ತಿಂಗಳು ಮೊಸರು ಬಿಡ್ತೀನಿ, ಒಂದು ತಿಂಗಳು ಹಾಲು ಬಿಡ್ತೀನಿ. ತಿಂಗಳು ಯಾವಾಗ ಮುಗಿಯತ್ತೋ ಅಂತ ದಿನ ಎಣಿಸ್ತಾ ಇರ್ತೀನಿ. ಆ ಹುಡುಗಿ ಜೀವಮಾನ ಪೂರ್ತಿ ಬಿಟ್ಟಿದೆ. ಅದೂ ಪುಣ್ಯ ಬರತ್ತೆ ಅಂತಲ್ಲ, ಹಸು ಮೇಲಿನ ಕರುಣೆಗೆ. ಅವಳದೂ ಒಂದು ಮಡಿ ಕಣೋ. ಆ ಪಾತ್ರೆ ಆಚೆ ಇಡು. ಸೌಟೂ ಬೇಡ, ಅದೂ ಮೈಲಿಗೆ ಆಯ್ತು. ಸ್ಟೂಲ್ ತಗೊಂಡು ಅಟ್ಟ ಹತ್ತು."

ಅಟ್ಟದ ಮೇಲೆ, ಮುರಿದ ಟೇಬಲ್ ಫ್ಯಾನಿನ ಹಿಂದೆ, ಗೃಹಪ್ರವೇಶಕ್ಕೆ ಬಂದ ಸ್ಟೀಲಿನ ಪಾತ್ರೆಗಳು ಪೇಪರು ಸುತ್ತಿಕೊಂಡು ಮಲಗಿವೆ. ಎಲ್ಲದರ ಮೇಲೂ ಕೊಟ್ಟವರ ಹೆಸರು ಕೆತ್ತಿದೆ. ಅದರಲ್ಲಿ ಅಮ್ಮ ತಾವೇ ಕೊಟ್ಟ ಒಂದು ಮುಚ್ಚಳದ ಪಾತ್ರೆಯೂ ಇತ್ತು, ಚೆನ್ನಾಗಿರುವುದನ್ನು ದಿನಾ ಬಳಸಿ ಹಾಳುಮಾಡಬಾರದೆಂದು ಸುಧಾ ಅದನ್ನು ಇಳಿಸಿಯೇ ಇರಲಿಲ್ಲ. "ಅದನ್ನ ತೆಗಿ. ಹೊಸದು. ಅದಕ್ಕೆ ತುಪ್ಪಾನೂ ತಾಗಿಲ್ಲ, ಯಾರ ಎಂಜಲೂ ತಾಗಿಲ್ಲ. ಅವಳಿಗೇ ಇರಲಿ ಅದು" ಎಂದರು. ಆ ಪಾತ್ರೆಯಲ್ಲಿ ಅಣಬೆ ಬೇಯುತ್ತದೆ ಎಂದು ಅವರಿಗೆ ಗೊತ್ತಿತ್ತು. ನನ್ನ ತಲೆಯ ಮೇಲೆ ಧೂಳು, ಕಣ್ಣಲ್ಲಿ ನೀರು. ಧೂಳಿನಿಂದಲೇ ಇರಬೇಕು ಎಂದುಕೊಂಡು ಸ್ಟೂಲಿನಿಂದ ಇಳಿದೆ.

ಸ್ಕೂಟರ್ ಹತ್ತಿ ಮತ್ತೆ ನ್ಯೂಟೌನಿಗೆ ಹೋದರೆ ಅಂಗಡಿಯಲ್ಲಿ ಅಣಬೆ ಖಾಲಿ. ಪುಟ್ಟೇನಹಳ್ಳಿಯ ಕೆರೆ ದಾಟಿ ಇನ್ನೊಂದು ಅಂಗಡಿಗೆ ಹೋದೆ. ಅಲ್ಲಿ ಒಂದೇ ಒಂದು ಡಬ್ಬಿ ಇತ್ತು, ಅದಕ್ಕೆ ಆಗಲೇ ಒಬ್ಬ ಹೆಂಗಸು ಕೈ ಹಾಕಿದ್ದರು. ಸೊಸೆಯ ಹುಟ್ಟುಹಬ್ಬ, ನಾನು ತುಪ್ಪ ಹಾಕಿಬಿಟ್ಟೆ ಎಂದು ಅರ್ಧ ಉಸಿರಿನಲ್ಲಿ ಹೇಳಿದೆ. ಅವರಿಗೆ ಏನೂ ಅರ್ಥವಾದಂತೆ ಕಾಣಲಿಲ್ಲ, ಆದರೆ ನನ್ನ ಮುಖ ನೋಡಿ, "ತಗೊಳಿ ಅಂಕಲ್, ನಾನು ಆಲೂಗಡ್ಡೆ ಮಾಡ್ತೀನಿ" ಎಂದು ಬಿಟ್ಟುಕೊಟ್ಟರು. ಉತ್ತರ ಬೆಂಗಳೂರಿನಲ್ಲಿ ಟ್ರಾಫಿಕ್ ಕೆಟ್ಟದ್ದು, ಜನ ಒಳ್ಳೆಯವರು.

ಮನೆಗೆ ಬಂದರೆ ನಿವಿ ಆಗಲೇ ಬಂದುಬಿಟ್ಟಿದ್ದಳು. ಯುಟಿಲಿಟಿಯಲ್ಲಿ ಮೊದಲಿನ ಸಾರಿನ ಪಾತ್ರೆಯ ಮುಂದೆ ನಿಂತು ಮೂಸುತ್ತಿದ್ದಳು. "ಮಾವ! ನಮ್ಮಮ್ಮನ ಸಾರಿನ ವಾಸನೆ! ನೀವು ಮಾಡಿದ್ರಾ?" ಅವಳ ಮುಖ ನಮ್ಮ ಮನೆಗೆ ಬಂದ ಮೇಲೆ ಹಾಗೆ ಅರಳಿದ್ದನ್ನು ನಾನು ನೋಡಿರಲಿಲ್ಲ. ಸೌಟು ಅವಳ ಕೈಯಲ್ಲಿತ್ತು. ಬಾಗಿಲಲ್ಲಿ ನಿಂತು ಅಮ್ಮ ನನ್ನನ್ನೇ ನೋಡುತ್ತಿದ್ದರು. "ತಿನ್ನಬೇಡಮ್ಮ" ಎಂದೆ. "ಖಾರ ಆಯ್ತು ಅಂತ ತುಪ್ಪ ಹಾಕ್ಬಿಟ್ಟೆ. ಗೊತ್ತಾಗದೆ ಹಾಕಿದ್ದು. ಆಮೇಲೆ ಗೊತ್ತಿದ್ದೂ ಹೇಳೋದು ಬೇಡ ಅಂತಿದ್ದೆ." ಕೊನೆಯ ಮಾತು ಹೇಳಬೇಕಾಗಿರಲಿಲ್ಲ. ಆದರೂ ಬಂದುಬಿಟ್ಟಿತು. ನಿವಿ ಸೌಟು ಕೆಳಗಿಟ್ಟಳು. ಇನ್ನೇನು 'ಪರ್ವಾಗಿಲ್ಲ ಮಾವ' ಎಂದು ಉಪ್ಪಿನಕಾಯಿ ಕಡೆ ಹೊರಡುತ್ತಾಳೆ ಎಂದುಕೊಂಡೆ. ಅವಳು ನನ್ನ ಕೈಯ ಡಬ್ಬಿ ನೋಡಿದಳು, ತಲೆಯ ಮೇಲಿನ ಧೂಳು ನೋಡಿದಳು, ಕಟ್ಟೆಯ ಮೇಲಿದ್ದ ಹೊಸ ಪಾತ್ರೆ ನೋಡಿದಳು. ಅದರ ಮೇಲೆ ಕೆತ್ತಿದ್ದ ಅಮ್ಮನ ಹೆಸರನ್ನು ಬೆರಳಿನಿಂದ ಮುಟ್ಟಿ ಓದಿದಳು. ಆಮೇಲೆ ಎಷ್ಟು ನಕ್ಕಳೆಂದರೆ ಅಮ್ಮನಿಗೂ ನಗು ಬಂತು. "ಮಾವ, ನಂಗೆ ಸಿಕ್ಕಾಪಟ್ಟೆ ಹಸಿವು. ಈ ಮನೇಗೆ ಬಂದಾಗಿಂದ ಹಸಿವು" ಎಂದಳು. ಮೊದಲ ಸಲ ಅವಳು ನಮ್ಮ ಮರ್ಯಾದೆ ತೆಗೆದಳು. ನನಗೆ ತುಂಬ ಸಂತೋಷವಾಯಿತು.

ಮುಂದಿನದು ನನ್ನ ಕೈಯಲ್ಲಿ ಉಳಿಯಲಿಲ್ಲ. ಅಮ್ಮ ಹೊಸ್ತಿಲ ಒಳಗಡೆ ಮಣೆ ಹಾಕಿಕೊಂಡು ಕೂತರು, ಅಣಬೆಯಿಂದ ಒಂದು ಮಾರು ದೂರ. ಅಲ್ಲಿಂದಲೇ ಬರೀ ಮೂಗಿನಿಂದ ಅಡುಗೆ ನಡೆಸಿದರು. "ಧನಿಯ ಸಾಕು, ಸೀದುಹೋಗತ್ತೆ. ಈಗ ಕಾಯಿ ಹಾಕು. ಖಾರ ಅನ್ನಿಸಿದ್ರೆ ಕಾಯಿಹಾಲು ಬಿಡು ಮಗು, ತುಪ್ಪ ಯಾಕೆ?" ನಿವಿ ಹುರಿದಳು, ರುಬ್ಬಿದಳು. ನಾನು ಸಹಾಯ ಮಾಡೋಣವೆಂದು ಒಂದು ಚಮಚ ಕೈಗೆತ್ತಿಕೊಂಡೆ. "ಮಾವ, ಅದು ತುಪ್ಪದ್ದು!" ಎಂದಳು ಅವಳು. "ಏ, ಅಣಬೆ ಮುಟ್ಟಿದ ಕೈ, ಒಳಗೆ ಬರ್ಬೇಡ!" ಎಂದರು ಇವರು. ಅತ್ತ ಹೋಗುವಂತಿಲ್ಲ, ಇತ್ತ ಬರುವಂತಿಲ್ಲ. ನನ್ನ ಮನೆಯಲ್ಲಿ ನಾನೇ ಮೈಲಿಗೆಯಾಗಿ ಒಗೆಯುವ ಮೆಷಿನ್ನಿಗೆ ಒರಗಿಕೊಂಡು ನಿಂತೆ.

ನಿವಿ ಆ ರಾತ್ರಿ ಮೂರು ಸಲ ಅನ್ನ ಹಾಕಿಸಿಕೊಂಡಳು. ಅಮ್ಮ ಅಣಬೆ ತಿನ್ನಲಿಲ್ಲ, ತಿನ್ನುವ ಪೈಕಿಯೂ ಅಲ್ಲ. ಆದರೆ ಅವಳೆದುರಿಗೇ ಕೂತು, ತಮ್ಮ ಮೊಸರನ್ನ ಕಲಸಿಕೊಂಡು, "ವಾಸನೆ ನೋಡಿದ್ರೆ ಕೂಟು ಇದ್ದಹಾಗಿದೆ" ಎಂದರು. ಅಮ್ಮನ ಬಾಯಲ್ಲಿ ಅದಕ್ಕಿಂತ ದೊಡ್ಡ ಬಿರುದಿಲ್ಲ. ಡ್ಯೂಟಿ ಮುಗಿಸಿ ಬಂದ ಮಗ ಮಿಕ್ಕಿದ್ದನ್ನು ಬಳಿದ. ತುಪ್ಪದ ಅಣಬೆ ಸಾರು, ಯಾರ ಮಡಿಗೂ ಸಲ್ಲದ್ದು, ನನ್ನ ಪಾಲಿಗೆ ಬಂತು. ಸೋಮವಾರ ಷಫಿಯವರಿಗೂ ಒಂದು ಡಬ್ಬಿ ಕೊಟ್ಟೆ. "ಮಟನ್ ಒಂದು ಹಾಕಿದ್ರೆ ಪರ್ಫೆಕ್ಟ್ ಸಾರ್" ಎಂದರು.

ಈಗ ನಮ್ಮ ಅಡುಗೆಮನೆಯಲ್ಲಿ ಎರಡು ಸೀಮೆಗಳಿವೆ. ಕಿಟಕಿಯ ಪಕ್ಕ ಅಮ್ಮನ ಪಾತ್ರೆಗಳು, ಎದುರಿನ ಶೆಲ್ಫಿನಲ್ಲಿ ನಿವಿಯವು, ಅಣಬೆಯ ಪಾತ್ರೆ ಮಾತ್ರ ಯುಟಿಲಿಟಿಯಲ್ಲೇ. ಒಬ್ಬರದನ್ನು ಒಬ್ಬರು ಮುಟ್ಟುವುದಿಲ್ಲ, ಅದಕ್ಕೇ ಇಬ್ಬರಿಗೂ ಭಾರಿ ಅನ್ಯೋನ್ಯ. ಮೈಸೂರಿನಿಂದ ಸುಧಾ ಬಂದು ತನ್ನ ಅಡುಗೆಮನೆ ಎಲ್ಲಿ ಎಂದು ಕೇಳಿದಾಗ ಏನು ಹೇಳಬೇಕೆಂದು ನಾನಿನ್ನೂ ಯೋಚಿಸುತ್ತಿದ್ದೇನೆ.

ಅದಕ್ಕಿಂತ ಹತ್ತಿರದ ತೊಂದರೆ ಇನ್ನೊಂದಿದೆ. ಅವತ್ತು ಊಟವಾದ ಮೇಲೆ ನಿವಿ ತಾಯಿಗೆ ಫೋನ್ ಮಾಡಿದಳು. "ಅಮ್ಮ, ಹೊಟ್ಟೆ ಬಿರಿಯೋ ಹಾಗೆ ತಿಂದೆ" ಎಂದು ಅವಳು ಹೇಳಿದ್ದರಲ್ಲಿ ಈ ಸಲ ಒಂದಿಷ್ಟೂ ಸುಳ್ಳಿರಲಿಲ್ಲ. ಆದರೆ ಒಳ್ಳೆಯ ಹುಡುಗಿ ನೋಡಿ, "ನಿನ್ನ ಸಾರಿನ ಥರಾನೇ ಇತ್ತು, ಎಲ್ಲಾ ಮಾವಾನೇ ಮಾಡಿದ್ದು" ಎಂದು ಸೇರಿಸಿ ಫೋನನ್ನು ನನ್ನ ಕೈಗೆ ಕೊಟ್ಟುಬಿಟ್ಟಳು. "ಹೌದಾ ಬೀಗ್ರೆ? ನೀವೇ ಮಾಡುದ್ರಾ?" ಎಂದರು ಜಯಮ್ಮನವರು. ಅವರ ದನಿಯಲ್ಲಿ ಎಷ್ಟು ನೆಮ್ಮದಿಯಿತ್ತೆಂದರೆ ನನಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಅಮ್ಮ ನನ್ನನ್ನೇ ನೋಡುತ್ತಿದ್ದರು. ತಿನ್ನುವವರಿಗೆ ಮೋಸ ಮಾಡಬಾರದು ಎಂದಷ್ಟೇ ಅವರು ಹೇಳಿದ್ದು, ಫೋನಿನಲ್ಲಿ ಕೇಳುವವರ ಬಗ್ಗೆ ಏನೂ ಹೇಳಿರಲಿಲ್ಲ. "ಹೂಂ" ಎಂದೆ.

"ಅಂಗಾದ್ರೆ ನಾಳೆ ಬುಟ್ಟು ಬರೋ ಭಾನ್ವಾರ ನಾವೆಲ್ಲ ಬತ್ತೀವಿ. ನಿಮ್ ಕೈಯಾಗೇ ಮಾಡ್ಸಿ ಉಣ್ಬೇಕು" ಎಂದರು.

ಹಾಗಾಗಿ ಈ ವಾರವೆಲ್ಲ ಆಫೀಸಿನಿಂದ ಬಂದವನೇ ಒಗೆಯುವ ಮೆಷಿನ್ನಿನ ಪಕ್ಕ ನಿಂತು ಅಣಬೆ ಸಾರು ಕಲಿಯುತ್ತಿದ್ದೇನೆ. ಹೊಸ್ತಿಲ ಒಳಗಡೆ ಮಣೆ ಹಾಕಿಕೊಂಡು ಇಬ್ಬರು ಮಾಸ್ತರರು ಕೂತಿರುತ್ತಾರೆ. ತುಪ್ಪದ ಮಿಳ್ಳೆಯನ್ನು ಅಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸೊಸೆಯ ಕೈಗೆ ಕೊಟ್ಟಿದ್ದಾರೆ.